ಸೀರೆ ಉಡಿಕೆಯ ತಾಯಂದಿರು

ನಮ್ಮಜ್ಜಿಯ ಎದುರಿಗೆ ಯಾರಾದರೂ ಮರೆತು "ಮೊದಲನೇ ಮಗನ್ನ ಬಿಟ್ಟು ಬಂದವಳು" ಎಂದರೆ ಸಾಕು, ಕೈಲಿದ್ದ ಮೊರ ಕೆಳಗಿಟ್ಟು ತಿದ್ದುತ್ತಿದ್ದಳು. "ಬಿಟ್ಟು ಬಂದೆ ಅನ್ಬ್ಯಾಡ ಕಣವ್ವ. ಬಿಡಿಸ್ಕಂಡ್ರು ಅನ್ನು." ಇಷ್ಟು ಹೇಳಿ ಮತ್ತೆ ಮೊರ ಎತ್ತಿಕೊಳ್ಳುತ್ತಿದ್ದಳು. ಚಿಕ್ಕವಳಾಗಿದ್ದ ನನಗೆ ಈ ಎರಡು ಮಾತಿಗೆ ಏನು ವ್ಯತ್ಯಾಸ ಎಂದು ತಿಳಿಯುತ್ತಿರಲಿಲ್ಲ. ಹೇಗೆ ಹೇಳಿದರೂ ಮಗ ಅಲ್ಲಿ, ತಾಯಿ ಇಲ್ಲಿ ತಾನೆ? ಬಿ.ಎ. ಮುಗಿಸಿ, ಬಿ.ಎಡ್. ಮಾಡಿ, ಮಕ್ಕಳಿಗೆ ವ್ಯಾಕರಣ ಹೇಳಿಕೊಡಲು ನಿಂತ ಮೇಲೂ ಪೂರ್ತಿ ತಿಳಿಯಲಿಲ್ಲ. ತಿಳಿದದ್ದು ನಾನೇ ಒಬ್ಬ ತಾಯಿಗೆ ತಪ್ಪು ಮಾಡಿದ ಮೇಲೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಜ್ಜಿ ಅರಳಗುಪ್ಪೆಗೆ ಬಂದದ್ದು ಉಡಿಕೆಯಾಗಿ. ಈಗಿನ ಹೆಣ್ಣುಮಕ್ಕಳಿಗೆ ಈ ಪದವೇ ಹೊಸದಿರಬಹುದು. ಗಂಡ ಸತ್ತ ಹೆಣ್ಣಿಗೆ ಇನ್ನೊಬ್ಬ ಗಂಡಸು ಸೀರೆ ಕೊಟ್ಟು ಮನೆಗೆ ಕರೆದುಕೊಳ್ಳುವುದು ಸೀರೆ ಉಡಿಕೆ. ಕೂಡಿಕೆ, ಕೂಡಾವಳಿ ಎಂದೂ ಅನ್ನುತ್ತಿದ್ದರು. ಮೇಲುಜಾತಿಯವರೆನಿಸಿಕೊಂಡವರು ಗಂಡ ಸತ್ತವಳ ತಲೆ ಬೋಳಿಸಿ ಮೂಲೆಗೆ ಕೂರಿಸುತ್ತಿದ್ದ ಕಾಲದಲ್ಲಿ ನಮ್ಮ ಸೀಮೆಯ ಎಷ್ಟೋ ಒಕ್ಕಲು ಮನೆಗಳಲ್ಲಿ ಈ ಒಂದು ದಾರಿ ಇತ್ತು. ದಾರಿ ಇತ್ತು ನಿಜ, ಮರ್ಯಾದೆ ಇರಲಿಲ್ಲ. ಧಾರೆಯಿಲ್ಲ, ಹಸೆಯಿಲ್ಲ, ಚಪ್ಪರವಿಲ್ಲ. ಹೊತ್ತು ಮುಳುಗಿದ ಮೇಲೆ ಶಾಸ್ತ್ರ. ಮುತ್ತೈದೆಯರು ಹತ್ತಿರ ಸುಳಿಯುವಂತಿಲ್ಲ. ತೆರವೂ ಕಡಿಮೆ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಎಚ್.ವಿ. ನಂಜುಂಡಯ್ಯನವರು (1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದರ ಮೊದಲ ಉಪಕುಲಪತಿಗಳಾದವರು ಇವರೇ) ಮೈಸೂರು ಸೀಮೆಯ ಜಾತಿಗಳ ಆಚಾರ ವಿಚಾರಗಳನ್ನು ಬರೆದಿಡುವ ಕೆಲಸ ಮಾಡಿದರು. ಅದರಲ್ಲಿ ಈ ಕೂಡಿಕೆಯ ಮಾತು ಮತ್ತೆ ಮತ್ತೆ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಕಟ್ಟಳೆಯೂ ಬರುತ್ತದೆ. ಹೋಗುವವಳು ಮೊದಲ ಗಂಡನ ಆಸ್ತಿಯನ್ನೂ ಅವನ ಮಕ್ಕಳನ್ನೂ ಅವನ ಕಡೆಯವರಿಗೆ ಒಪ್ಪಿಸಿ ಹೋಗಬೇಕು. ಆಸ್ತಿ, ಮಕ್ಕಳು, ಎರಡೂ ಒಂದೇ ಉಸಿರಿಗೆ!

ಅಜ್ಜಿಯ ಮೊದಲ ಮನೆ ತುರುವೇಕೆರೆ ಕಡೆ. 1939ರಲ್ಲಿ ಗಂಡ ಚಳಿಜ್ವರದಲ್ಲಿ ತೀರಿಕೊಂಡಾಗ ಮಗನಿಗೆ ಮೂರು ವರ್ಷ. ಎರಡು ವರ್ಷ ಅಲ್ಲೇ ದುಡಿದಳು. 1941ರಲ್ಲಿ ತೌರಿನವರು ಉಡಿಕೆಗೆ ಗೊತ್ತು ಮಾಡಿದರು. ಹಿರಿಯರು ಊರ ಮುಂದಿನ ಕಟ್ಟೆಯ ಮೇಲೆ ಕೂತರು. ಅದೇ ಅವಳ ಪಾಲಿನ ಕೋರ್ಟು, ಅಪೀಲಿಲ್ಲದ ಕೋರ್ಟು. "ಈ ಮನೆಗೆ ಇವನೊಬ್ನೇ. ನೀನು ಅಲ್ಲೋಗಿ ಇನ್ನೆರಡು ಹೆತ್ಕಳವ್ವ" ಎಂದರಂತೆ. ಅವರು ಕೆಟ್ಟವರೇನಲ್ಲ. ಮಗನನ್ನು ಕಳೆದುಕೊಂಡ ಮುದುಕ ಮುದುಕಿಗೆ ಮೊಮ್ಮಗನಾದರೂ ಉಳಿಯಲಿ ಎಂಬುದು ಅವರ ಎಣಿಕೆ. ಆದರೆ ತೆಂಗಿನ ನಾಡಿನವರಿಗೆ ಇನ್ನೊಂದು ಲೆಕ್ಕವೂ ಇರುತ್ತದೆ. ಹೊಲ ಈ ವರ್ಷ ಬಿತ್ತಿ ಈ ವರ್ಷ ಕೊಯ್ಯುವಂಥದು. ತೆಂಗು ಹಾಗಲ್ಲ, ತಾತ ಇಟ್ಟ ಸಸಿಯ ಫಲ ಮೊಮ್ಮಗನಿಗೆ. ಮಗು ತಾಯಿಯ ಹಿಂದೆ ಹೋದರೆ ತೋಟದ ಹಕ್ಕೂ ಅದರ ಹಿಂದೆ ನಡೆದುಬಿಡುತ್ತದೆ ಎಂಬ ಭಯ. ಆ ದಿನ ಮಗುವನ್ನು ಪಕ್ಕದ ಮನೆಗೆ ಆಡಲು ಕಳಿಸಿ, ತಾಯಿಯನ್ನು ಗಾಡಿ ಹತ್ತಿಸಿದರು.

ಅರಳಗುಪ್ಪೆಯಲ್ಲಿ ಅವಳಿಗೆ ಮತ್ತೆ ಇಬ್ಬರು ಮಕ್ಕಳಾದರು, ನಮ್ಮಮ್ಮ ಮತ್ತು ಚಿಕ್ಕಮಾವ. ಹಿರಿಯರ ಮಾತಿನ ಲೆಕ್ಕ ಸರಿಹೋಯಿತು ಅನ್ನಿ. ಆದರೆ ತಾಯಿಯ ಲೆಕ್ಕ ಹಾಗೆ ಸರಿಹೋಗುವುದಿಲ್ಲವಲ್ಲ. ದೊಡ್ಡಮಾವ ಹೈಸ್ಕೂಲಿಗೆ ತಿಪಟೂರಿಗೆ ಸೇರಿದ, ಬಾಣಸಂದ್ರದಲ್ಲಿ ರೈಲು ಹತ್ತಿ ಹೋಗುತ್ತಾನೆ ಎಂಬ ಸುದ್ದಿ ಯಾರಿಂದಲೋ ತಿಳಿಯಿತು. ಬಾಣಸಂದ್ರದಿಂದ ತಿಪಟೂರಿಗೆ ಹೋಗುವ ರೈಲು ನಮ್ಮೂರಿನ ಮೇಲೇ ಹೋಗಬೇಕು. ಸೋಮವಾರ ಬೆಳಿಗ್ಗೆ ಅಜ್ಜಿ ಸೆರಗಿನಲ್ಲಿ ಕೊಬ್ಬರಿ, ಬೆಲ್ಲ ಕಟ್ಟಿಕೊಂಡು ಸ್ಟೇಷನ್ನಿಗೆ ಹೋಗಿ ನಿಲ್ಲುತ್ತಿದ್ದಳು. ಅಟ್ಟದ ಮೇಲೆ ವರ್ಷ ಒಣಗಿದ ಉಂಡೆ ಕೊಬ್ಬರಿ, ಮಾರಲು ಇಟ್ಟದ್ದರಲ್ಲಿ ಒಂದು ಹೋಳು. ರೈಲು ನಿಲ್ಲುವುದು ಒಂದೆರಡು ನಿಮಿಷ. ಕಿಟಕಿ ಕಿಟಕಿ ಹುಡುಕುತ್ತಿದ್ದಳು. ಕೆಲವು ಸಲ ಸಿಗುತ್ತಿದ್ದ, ಎಷ್ಟೋ ಸಲ ಸಿಗುತ್ತಿರಲಿಲ್ಲ. ಸಿಗದ ದಿನ ಕೊಬ್ಬರಿ ನಮ್ಮಮ್ಮನ ಪಾಲಾಗುತ್ತಿತ್ತು. "ನಂಗೆ ಆ ಕೊಬ್ರಿ ಮೇಲೆ ಆಸೆ, ಅವನು ಬರದೇ ಇರ್ಲಿ ಅಂತ ಅಂದ್ಕಂತಿದ್ದೆ" ಎಂದು ಅಮ್ಮ ಮುದುಕಿಯಾದ ಮೇಲೆ ಹೇಳಿ ಕಣ್ಣೊರೆಸಿಕೊಂಡಳು.

ಕಟ್ಟೆಯ ತೀರ್ಮಾನ ಹಳ್ಳಿಯವರ ಒರಟುತನ, ಓದಿದವರ ಕೋರ್ಟಿನಲ್ಲಿ ಹೀಗಾಗುತ್ತಿರಲಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಶಾಲೆಯಲ್ಲಿ ವಿಧವಾ ವಿವಾಹ ಕಾಯಿದೆಯ ಪಾಠ ಮಾಡುವಾಗ ಈಶ್ವರಚಂದ್ರ ವಿದ್ಯಾಸಾಗರರ ಹೋರಾಟ, 1856ರಲ್ಲಿ ಬಂದ ಕಾಯಿದೆ, ಇಷ್ಟು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಕಾಯಿದೆಯನ್ನೇ ತೆಗೆದು ಓದಿದ್ದು ತೀರ ಈಚೆಗೆ. ಅದರ ಎರಡನೇ ಕಲಮು, ಮರುಮದುವೆಯಾದವಳಿಗೆ ಸತ್ತ ಗಂಡನ ಆಸ್ತಿಯಲ್ಲಿ ಹಕ್ಕಿಲ್ಲ ಎನ್ನುತ್ತದೆ, ಅವಳೂ ಸತ್ತಳೋ ಎಂಬಂತೆ. ಮೂರನೇ ಕಲಮು ಮಕ್ಕಳದ್ದು. ಗಂಡ ತನ್ನ ಉಯಿಲಿನಲ್ಲಿ ಯಾರನ್ನೂ ಗಾರ್ಡಿಯನ್ ಎಂದು ಹೆಸರಿಸದೆ ಸತ್ತಿದ್ದರೆ, ಹೆಂಡತಿ ಮರುಮದುವೆಯಾದೊಡನೆ ಅವನ ತಂದೆತಾಯಿ, ಅಜ್ಜ ಅಜ್ಜಿ, ಕಡೆಗೆ ಯಾವನೇ ಗಂಡು ನೆಂಟ ಕೋರ್ಟಿಗೆ ಅರ್ಜಿ ಹಾಕಬಹುದು. ಕೋರ್ಟಿಗೆ ಸರಿ ಕಂಡರೆ ತಾಯಿಯ ಬದಲು ಬೇರೆಯವರನ್ನು ಗಾರ್ಡಿಯನ್ ಮಾಡಬಹುದು. ಹೇಗೆ ಆರಿಸಬೇಕು? ತಂದೆಯೂ ಇಲ್ಲದ ತಾಯಿಯೂ ಇಲ್ಲದ ಮಕ್ಕಳಿಗೆ ಯಾವ ನಿಯಮವೋ ಆ ನಿಯಮದಂತೆ. ಬದುಕಿರುವ ತಾಯಿಯನ್ನು ಕಾಯಿದೆ ಸತ್ತವರ ಸಾಲಿಗೆ ಸೇರಿಸಿತು. ಮಕ್ಕಳಿಗೆ ಸ್ವಂತ ಆಸ್ತಿ ಸಾಲದೆ ಇದ್ದರೆ ಮಾತ್ರ ತಾಯಿಯ ಒಪ್ಪಿಗೆ ಬೇಕು, ಇಲ್ಲವೇ ಸಾಕಲು ಬರುವವನು ಸಾಕುತ್ತೇನೆಂದು ಜಾಮೀನು ಕೊಡಬೇಕು. ಅಂದರೆ ಬಡವರ ಮಗುವಿಗೆ ತಾಯಿ ಇರಬಹುದು, ತೋಟವಿರುವ ಮಗುವಿಗೆ ಬೇಡ. ನಮ್ಮ ಕಟ್ಟೆಯ ಹಿರಿಯರಿಗೂ ಕಲ್ಕತ್ತೆಯಲ್ಲಿ ಕೂತ ಕಾಯಿದೆ ಪಂಡಿತರಿಗೂ ಎಷ್ಟು ಹೊಂದಾಣಿಕೆ ನೋಡಿ! ಈ ಕಾಯಿದೆ ನಡೆಯುತ್ತಿದ್ದದ್ದು ಬ್ರಿಟಿಷರ ನೇರ ಆಳ್ವಿಕೆಯಲ್ಲಿ, ಅಂದರೆ ಧಾರವಾಡ, ಬೆಳಗಾವಿ, ಬಳ್ಳಾರಿ, ಮಂಗಳೂರು ಕಡೆ. ನಮ್ಮದು ಮಹಾರಾಜರ ಸೀಮೆ. ಆದರೂ ಎರಡು ಕಡೆಯ ತಾಯಂದಿರ ಹಣೆಬರಹ ಒಂದೇ ಕೈಬರಹದ್ದು. ಆ ಕಾಯಿದೆಯನ್ನು ಪುಸ್ತಕದಿಂದ ತೆಗೆದುಹಾಕಿದ್ದು 1983ರಲ್ಲಿ.

ಇನ್ನು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆ. ಇದು ಈಗಲೂ ಚಾಲ್ತಿಯಲ್ಲಿದೆ, ಅಲ್ಲಲ್ಲಿ ತಿದ್ದುಪಡಿಯೊಂದಿಗೆ. ಇದರ 41ನೇ ಕಲಮನ್ನು ನಾನು ಎರಡು ಸಲ ಓದಿದೆ. ತಂದೆ ಅಯೋಗ್ಯನೆಂದು ಕೋರ್ಟು ಬೇರೆ ಗಾರ್ಡಿಯನ್ನನ್ನು ನೇಮಿಸಿದೆ ಎಂದಿಟ್ಟುಕೊಳ್ಳಿ, ಅವನು ಕುಡುಕನೋ ಜೂಜುಗಾರನೋ ಇರಬಹುದು. ಮುಂದೊಂದು ದಿನ ಅವನು ಸರಿಹೋದ, ಇನ್ನು ಅಯೋಗ್ಯನಲ್ಲ ಎಂದು ಕೋರ್ಟಿಗೆ ಮನವರಿಕೆಯಾದರೆ, ನೇಮಕವಾದ ಗಾರ್ಡಿಯನ್ನಿನ ಅಧಿಕಾರ ಅಲ್ಲಿಗೆ ನಿಲ್ಲುತ್ತದೆ. ಕಳೆದುಕೊಂಡ ಹಕ್ಕು ಮರಳಿ ಬರುವುದಕ್ಕೆ ಎಂಥ ಒಳ್ಳೆಯ ಏರ್ಪಾಡು! ಮನುಷ್ಯ ತಿದ್ದಿಕೊಳ್ಳಬಲ್ಲ ಎಂಬ ನಂಬಿಕೆ ಅದರಲ್ಲಿದೆ. ಆದರೆ ಆ ಸಾಲಿನಲ್ಲಿ ಬರೆದದ್ದು ತಂದೆಯ ಹೆಸರನ್ನು ಮಾತ್ರ. ತಪ್ಪು ಮಾಡಿದ ತಂದೆಗೆ ಮನೆಗೆ ಬರುವ ದಾರಿ ಬರೆದಿಟ್ಟರು, ಯಾವ ತಪ್ಪೂ ಮಾಡದೆ ಮರುಮದುವೆಯಾದ ತಾಯಿಗೆ ಅಂಥ ಒಂದು ಸಾಲು 1856ರ ಕಾಯಿದೆಯಲ್ಲಿ ಇಲ್ಲ. ಅದೇ 1890ರ ಕಾಯಿದೆಯ 19ನೇ ಕಲಮು, ತಂದೆ ಬದುಕಿದ್ದು ಅಯೋಗ್ಯನಲ್ಲದಿದ್ದರೆ ಬೇರೆ ಗಾರ್ಡಿಯನ್ನನ್ನು ನೇಮಿಸಕೂಡದು ಎನ್ನುತ್ತಿತ್ತು. ಅಲ್ಲಿ "ತಂದೆ" ಎಂಬುದರ ಪಕ್ಕಕ್ಕೆ "ತಾಯಿ" ಎಂಬ ಪದ ಸೇರಿದ್ದು 2010ರಲ್ಲಿ. ನೂರಿಪ್ಪತ್ತು ವರ್ಷ ಬೇಕಾಯಿತು ಒಂದು ಪದಕ್ಕೆ.

ತಂದೆಯ ಹಕ್ಕನ್ನು ಆ ಕಾಲದ ಕೋರ್ಟುಗಳು ಎಷ್ಟು ದೊಡ್ಡದಾಗಿ ಕಂಡವು ಎಂಬುದಕ್ಕೆ ನಮಗೆ ದೂರವಲ್ಲದ ಊರಿನ ಕಥೆಯೊಂದಿದೆ. ಜಿಡ್ಡು ಕೃಷ್ಣಮೂರ್ತಿಯವರ ಹೆಸರು ಕೇಳಿರುತ್ತೀರಿ. ಕೋಲಾರದ ಆಚೆಯ ಮದನಪಲ್ಲಿಯಲ್ಲಿ 1895ರಲ್ಲಿ ಹುಟ್ಟಿದವರು. ತಾಯಿ ಬೇಗ ತೀರಿಕೊಂಡರು. ತಂದೆ ನಾರಾಯಣಯ್ಯ ಮದರಾಸಿನ ಅಡ್ಯಾರಿನಲ್ಲಿ ಥಿಯಾಸಫಿಕಲ್ ಸೊಸೈಟಿಯ ಕೆಲಸಕ್ಕೆ ಸೇರಿದರು. 1910ರಲ್ಲಿ ಕೃಷ್ಣಮೂರ್ತಿ ಮತ್ತು ತಮ್ಮ ನಿತ್ಯಾನಂದ ಇಬ್ಬರ ಪೋಷಣೆಯನ್ನೂ ಆನಿಬೆಸೆಂಟರಿಗೆ ಬರೆದುಕೊಟ್ಟರು. ಎರಡು ವರ್ಷದಲ್ಲಿ ಮನಸ್ಸು ಮುರಿಯಿತು, ಮಕ್ಕಳನ್ನು ಹಿಂದಕ್ಕೆ ಕೊಡಿ ಎಂದು 1912ರಲ್ಲಿ ದಾವೆ ಹೂಡಿದರು. ಆನಿಬೆಸೆಂಟ್ ತಾವೇ ನಿಂತು ವಾದ ಮಾಡಿದರು. 1913ರಲ್ಲಿ ಮದರಾಸ್ ಹೈಕೋರ್ಟು, ಮಕ್ಕಳನ್ನು ತಂದೆಗೆ ಒಪ್ಪಿಸಿ ಎಂದಿತು. ಲಂಡನ್ನಿನ ಪ್ರೀವಿ ಕೌನ್ಸಿಲ್ 1914ರಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಹುಡುಗರು ಇಂಗ್ಲೆಂಡಿನಲ್ಲಿದ್ದರು, ಅವರ ಇಷ್ಟವೇನೆಂದು ಯಾರೂ ಕೇಳಿರಲಿಲ್ಲ ಎಂಬುದೂ ಒಂದು ಕಾರಣ. ಹಾಗೆ ನಾರಾಯಣಯ್ಯ ಸೋತರು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ತಂದೆಯ ಪೋಷಕತ್ವ ಒಂದು ಹೊಣೆ, ಅದನ್ನು ಬರೆದುಕೊಟ್ಟರೂ ಶಾಶ್ವತವಾಗಿ ಕಳೆದುಕೊಳ್ಳಲಾರ, ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು ಎಂದು. ತಂದೆ ಸಹಿ ಹಾಕಿದರೂ ಹಕ್ಕು ಹೋಗದು. ನಮ್ಮಜ್ಜಿ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿರಲಿಲ್ಲ.

1956ರಲ್ಲಿ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವದ ಕಾಯಿದೆ ಬಂತು. ಸಹಜ ಪೋಷಕ ಯಾರು? ತಂದೆ, ಅವನ ನಂತರ ತಾಯಿ. ಯಾವಾಗ ಆ ಹಕ್ಕು ಹೋಗುತ್ತದೆ? ಹಿಂದೂ ಧರ್ಮ ಬಿಟ್ಟರೆ, ಇಲ್ಲವೇ ಲೋಕ ತ್ಯಜಿಸಿ ಸಂನ್ಯಾಸಿಯಾದರೆ. ವಿಧವೆ ಮರುಮದುವೆಯಾದರೆ ಹೋಗುತ್ತದೆ ಎಂಬ ಮಾತು ಅಲ್ಲಿಲ್ಲ. ಸದ್ದಿಲ್ಲದೆ, ಬರಿಯ ಮೌನದಿಂದ, ಉಡಿಕೆಯ ತಾಯಂದಿರಿಗೆ ಕಾಯಿದೆ ಮಕ್ಕಳನ್ನು ಹಿಂದಕ್ಕೆ ಕೊಟ್ಟಿತು. ಆ ವರ್ಷ ದೊಡ್ಡಮಾವನಿಗೆ ಇಪ್ಪತ್ತು ತುಂಬಿತ್ತು. ಅಪ್ರಾಪ್ತವಯಸ್ಕನೇ ಅಲ್ಲ. "ನಂತರ" ಎಂಬ ಆ ಒಂದು ಪದಕ್ಕೂ ಒಂದು ಚರಿತ್ರೆಯಿದೆ. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಹೋದಾಗ ತಂದೆಯ ಸಹಿ ಬೇಕೆಂದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. ನಂತರ ಎಂದರೆ ತಂದೆ ಸತ್ತ ನಂತರ ಎಂದೇ ಅರ್ಥವಲ್ಲ, ತಂದೆ ಮಗುವಿನ ಹೊಣೆ ಹೊರದಿದ್ದಾಗ ಎಂದೂ ಅರ್ಥ ಎಂದು 1999ರ ಫೆಬ್ರವರಿಯಲ್ಲಿ ತೀರ್ಪಾಯಿತು. ವ್ಯಾಕರಣ ಹೇಳಿಕೊಡುವವಳಿಗೆ ಇದು ಬಹಳ ಹಿಡಿಸಿತು.

ಒಮ್ಮೆ ಕೋರ್ಟು ಮಗುವನ್ನು ಕೊಡಿಸಿಬಿಟ್ಟರೆ ಮುಗಿಯಿತೇ? ಇಲ್ಲ. ಇದು ಹೆಣ್ಣುಮಕ್ಕಳು ತಿಳಿದಿರಬೇಕಾದ ಸಂಗತಿ. 1973ರಲ್ಲಿ ರೋಸಿ ಜೇಕಬ್ ಎಂಬುವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಕ್ಕಳು ತಂದೆತಾಯಿಗಳ ಸೊತ್ತೂ ಅಲ್ಲ ಆಟದ ಬೊಂಬೆಗಳೂ ಅಲ್ಲ, ಮಕ್ಕಳ ವಶದ ಬಗ್ಗೆ ಮಾಡಿದ ಆದೇಶ ಕಲ್ಲಿನಲ್ಲಿ ಕೊರೆದದ್ದಲ್ಲ, ಪರಿಸ್ಥಿತಿ ಬದಲಾದರೆ ಬದಲಾಗಬೇಕು ಎಂಬ ಅರ್ಥದ ಮಾತು ಹೇಳಿ, ಮಗಳನ್ನೂ ಕಿರಿಯ ಮಗನನ್ನೂ ತಾಯಿಯ ಬಳಿ ಇರಿಸಿತು. ಹಾಗಾಗಿ ಇವತ್ತು ಕಳೆದುಕೊಂಡ ತಂದೆಯೋ ತಾಯಿಯೋ ನಾಳೆ ಮತ್ತೆ ಅರ್ಜಿ ಹಾಕಬಹುದು. ದಾರಿ ಮುಚ್ಚುವುದು ದತ್ತಕದಲ್ಲಿ. ಕ್ರಮವಾಗಿ ಆದ ದತ್ತಕವನ್ನು ಯಾರೂ ರದ್ದು ಮಾಡಲಾಗದು ಎಂದು 1956ರ ದತ್ತಕ ಕಾಯಿದೆ ಹೇಳುತ್ತದೆ. ಅದಕ್ಕೇ 2015ರ ಬಾಲನ್ಯಾಯ ಕಾಯಿದೆಯಲ್ಲಿ, ಕಷ್ಟಕ್ಕೆ ಸಿಕ್ಕ ತಾಯಿಯೊಬ್ಬಳು ಮಕ್ಕಳ ಕಲ್ಯಾಣ ಸಮಿತಿಯ ಎದುರು ಮಗುವನ್ನು ಒಪ್ಪಿಸಿದರೂ ಮತ್ತೆ ಯೋಚಿಸಲು ಎರಡು ತಿಂಗಳು ಕೊಟ್ಟಿದ್ದಾರೆ. ಅಷ್ಟರೊಳಗೆ ಬೇಕೆಂದು ಬಂದರೆ ಮಗು ಅವಳದು. ಎಷ್ಟು ಜನ ತಾಯಂದಿರಿಗೆ ಇದು ಗೊತ್ತಿದೆಯೋ!

ಕಟ್ಟೆಯ ಹಿರಿಯರ "ಇನ್ನೆರಡು ಹೆತ್ಕೊ" ಎಂಬ ಮಾತು 2021ರಲ್ಲಿ ನಮ್ಮ ಹೈಕೋರ್ಟಿನಲ್ಲೂ ಕೇಳಿಬಂತು. 2020ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಿಂದ ಆಗತಾನೆ ಹುಟ್ಟಿದ ಗಂಡುಮಗುವನ್ನು ಕದ್ದು, ಬಾಡಿಗೆ ತಾಯಿ ಹೆತ್ತ ನಿಮ್ಮದೇ ಮಗು ಎಂದು ಕೊಪ್ಪಳದ ಕಡೆಯ ದಂಪತಿಗೆ ಕೊಟ್ಟಿದ್ದರು. ವರ್ಷದ ಮೇಲೆ ಪೊಲೀಸರು ಪತ್ತೆ ಮಾಡಿದರು. ಸಾಕಿದ ತಾಯಿಯದೇನೂ ತಪ್ಪಿಲ್ಲ, ಅವಳೂ ಮೋಸಹೋದವಳೇ. ಹೆತ್ತವಳಿಗೆ ಇನ್ನಿಬ್ಬರು ಮಕ್ಕಳಿದ್ದಾರೆ, ಸಾಕಿದವಳಿಗೆ ಒಂದೂ ಇಲ್ಲ, ಇದನ್ನು ಅವಳಿಗೇ ಬಿಡಿ, ದೇವಕಿ ಯಶೋದೆಯರಿಲ್ಲವೇ ಎಂದು ಅವಳ ಪರ ವಾದವಾಯಿತು. ನ್ಯಾಯಮೂರ್ತಿ ಕೃಷ್ಣ ದೀಕ್ಷಿತರು ಒಪ್ಪಲಿಲ್ಲ. ಎಷ್ಟು ಮಕ್ಕಳಿವೆ ಎಂದು ಎಣಿಸಿ ಹಂಚಲು ಮಕ್ಕಳೇನು ಸರಕಲ್ಲ ಎಂಬುದು ಅವರ ತೀರ್ಪಿನ ಸಾರ. ಸಾಕಿದವಳು ಮಗುವನ್ನು ಹೆತ್ತವಳ ಕೈಗೆ ಕೊಟ್ಟಳು, ಬೇಕೆನಿಸಿದಾಗ ಬಂದು ನೋಡು ಎಂದು ಹೆತ್ತವಳು ಹೇಳಿದಳು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನಾನು ಅಡಿಗೆ ಸೀಯಿಸಿದೆ.

ಇನ್ನು ನನ್ನ ತಪ್ಪಿನ ವಿಷಯ. 2014ರ ಜೂನ್. ಆಗ ನಾನಿದ್ದ ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಜಾಗ ಖಾಲಿ ಇದ್ದು ನಾನೇ ಇನ್‌ಚಾರ್ಜ್. ಒಬ್ಬ ಮುದುಕರು ಬಂದು, "ಮೇಡಂ, ನಮ್ಮ ಸೊಸೆ ಇನ್ನೊಂದು ಮದ್ವೆ ಆಗವ್ಳೆ. ಮೊಮ್ಮಗಳ ಟಿ.ಸಿ. ಕೇಳ್ಕಂಡು ಬತ್ತಾಳೆ, ಕೊಡ್ಬ್ಯಾಡಿ. ಮಗಾ ನಮ್ಮ ಮನೇದು" ಎಂದು ಕೈ ಮುಗಿದರು. ಮಾರನೇ ದಿನ ಅವಳು ಬಂದಳು. ಮೂವತ್ತು ದಾಟಿರದ ಹೆಣ್ಣು, ಮಗಳು ಮೂರನೇ ತರಗತಿ. ನಾನು, "ಮನೆಯವರ ತಕರಾರಿದೆಯಮ್ಮ, ಕೋರ್ಟಿನ ಕಾಗದ ತಗೊಂಡು ಬಾ" ಎಂದೆ. ಅವಳು ಏನೂ ಹೇಳದೆ ಹೋದಳು. ಮತ್ತೆ ಬಂದಳು, ಮತ್ತೆ ಕಳಿಸಿದೆ. ಹದಿನೈದು ದಿನ ಹೀಗೇ ನಡೆಯಿತು. ಮೂರನೇ ಸಲ ಬಾಗಿಲಲ್ಲಿ ನಿಂತು, "ಟೀಚರ್, ನಾನು ಮಗೂನ ಬಿಟ್ಟು ಹೋಗ್ತಿಲ್ಲ, ಕರ್ಕಂಡು ಹೋಗ್ತಿದೀನಿ. ಅದಕ್ಯಾಕೆ ಕೋರ್ಟು?" ಎಂದಳು. ನನಗೆ ಮೊರ ಕೆಳಗಿಟ್ಟ ಸದ್ದು ಕೇಳಿದಂತಾಯಿತು.

ಅಂದು ಸಂಜೆ ತಿಪಟೂರಿನ ಪರಿಚಯದ ವಕೀಲರನ್ನು ಕೇಳಿದೆ. ಅವರು ನಕ್ಕರು. ತಂದೆ ಸತ್ತ ಮೇಲೆ ತಾಯಿಯೇ ಸಹಜ ಪೋಷಕಿ, ಮರುಮದುವೆಯಿಂದ ಅದು ಹೋಗುವುದಿಲ್ಲ, ಕೋರ್ಟಿಗೆ ಹೋಗಬೇಕಾದವರು ಅಜ್ಜ, ತಾಯಿಯಲ್ಲ, ಎಂದರು. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಟಿ.ಸಿ. ಕೇಳಿದೊಡನೆ ಕೊಡಬೇಕು, ತಡಮಾಡಿದ ಮುಖ್ಯೋಪಾಧ್ಯಾಯರ ಮೇಲೆ ಶಿಸ್ತುಕ್ರಮ ಜರುಗಿಸಬಹುದು ಎಂಬುದನ್ನೂ ನೆನಪಿಸಿದರು. ತರಬೇತಿಯಲ್ಲಿ ಕೇಳಿದ್ದೆ, ಮರೆತಿದ್ದೆ. ಅಥವಾ ಮುದುಕರ ಕೈ ಮುಗಿದದ್ದು ಕಂಡಷ್ಟು ಅವಳ ಸುಮ್ಮನಿದ್ದದ್ದು ನನಗೆ ಕಾಣಲಿಲ್ಲ. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟು ಇಂಥದೇ ಒಂದು ಪ್ರಕರಣ ತೀರ್ಮಾನಿಸಿತು. ಆಂಧ್ರದ ಒಬ್ಬ ತಾಯಿ, ಮಗು ಹಸುಗೂಸಾಗಿದ್ದಾಗ ಗಂಡ ಸತ್ತು, ಮರುಮದುವೆಯಾದವಳು. ಸತ್ತ ಗಂಡನ ತಂದೆತಾಯಿ 2008ರಲ್ಲಿ ಗಾರ್ಡಿಯನ್ ಆಗಲು ಅರ್ಜಿ ಹಾಕಿದ್ದರು. ಅದು ಮಗುವಿನ ಮನೆಹೆಸರಿನ ಜಗಳವಾಗಿ ಬೆಳೆದು, ಈಗಿನ ಗಂಡನನ್ನು ದಾಖಲೆಗಳಲ್ಲಿ ಮಲತಂದೆ ಎಂದು ಕಾಣಿಸಿ ಎನ್ನುವವರೆಗೂ ಹೈಕೋರ್ಟು ಹೋಗಿತ್ತು. ಸುಪ್ರೀಂ ಕೋರ್ಟು ಅದನ್ನು ಕ್ರೂರವೆಂದೇ ಕರೆದು ತೆಗೆದುಹಾಕಿತು. ತಾಯಿಯೇ ಪೋಷಕಿ, ಮಗುವಿನ ಮನೆಹೆಸರು ಯಾವುದಿರಬೇಕೆಂದು ಅವಳೇ ಹೇಳಬಹುದು ಎಂದಿತು.

ದೊಡ್ಡಮಾವನ ಮಾತೊಂದು ಉಳಿಯಿತು. 1989ರಲ್ಲಿ ಅಜ್ಜಿ ತೀರಿಕೊಂಡಾಗ ಬಂದಿದ್ದರು. ಬೆಂಕಿ ಕೊಟ್ಟದ್ದು ಚಿಕ್ಕಮಾವ, ಇವರು ತೋಟದ ಬೇಲಿಯ ಹತ್ತಿರ ನಿಂತಿದ್ದರು. ಎಲ್ಲ ಮುಗಿದ ಮೇಲೆ ನನ್ನನ್ನು ಕರೆದು, "ನಿಮ್ಮಜ್ಜಿ ಟೇಷನ್ನಿಗೆ ಬತ್ತಿದ್ಲಲ್ಲ, ಹೇಳವ್ಳಾ?" ಎಂದರು. ಹೂಂ ಎಂದೆ. "ಬಿಟ್ಟೋದೋಳು ಅಂತ ಮನೇಲಿ ಹೇಳಿದ್ರು. ಎಷ್ಟೋ ದಿನ ನಾನು ಬೇಕಂತಲೇ ಆ ಕಡೆ ಕಿಟಕೀಲಿ ಕೂತ್ಕಂತಿದ್ದೆ ಮಗ."

ವಕೀಲರ ಮಾತು ಕೇಳಿದ ಮರುದಿನವೇ ಟಿ.ಸಿ. ಬರೆದುಕೊಟ್ಟೆ. ಅವಳು ಇಂಗ್ಲಿಷಿನಲ್ಲಿ ಸಹಿ ಮಾಡಿದಳು. ವಾರದ ಮೇಲೆ ಆ ಮುದುಕರು ಬಂದರು. ಬೈಯುತ್ತಾರೆ ಅಂದುಕೊಂಡೆ. "ಮಗಳ ಹೆಸ್ರು ನಿಮ್ಮ ಪುಸ್ತಕದಿಂದ ಹೊಡೆದಾಕಿದ್ರಾ?" ಎಂದು 'ಮೊಮ್ಮಗಳು' ಎನ್ನಲೂ ಮರೆತು ಕೇಳಿದರು. ದಾಖಲಾತಿ ರಿಜಿಸ್ಟರಿನಲ್ಲಿ ಯಾರ ಹೆಸರನ್ನೂ ಹೊಡೆಯುವುದಿಲ್ಲ ತಾತ, ಟಿ.ಸಿ. ಕೊಟ್ಟ ತಾರೀಖು ಕೊನೆಯ ಅಂಕಣದಲ್ಲಿ ಬರೆಯುತ್ತೇವೆ ಅಷ್ಟೆ ಎಂದು ರಿಜಿಸ್ಟರು ತೆಗೆದು ತೋರಿಸಿದೆ. ಅವರಿಗೆ ಓದು ಬಾರದು. ಯಾವುದು ಎಂದರು. ನಾನು ಸಾಲು ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ, ದಸರಾ ರಜೆ ಯಾವತ್ತಿನಿಂದ ಎಂದು ಕೇಳಿದರು.